ಕಂಬಳಿಮೀನಿನ ದಾಹ

ಹೋದ ವರ್ಷ ನಮ್ಮ ಮನೆಯ ನೀರನ್ನು ತುಟಿಗೂ ಸೋಕಿಸದೆ ಎದ್ದು ಹೋದ ಮನುಷ್ಯ, ಈ ವರ್ಷ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನ ಬಾಗಿಲಲ್ಲಿ ನಿಂತು, "ಒಳಗೆ ಬರಬಹುದಾ ಮೇಡಂ?" ಎಂದ.

ನನ್ನ ಕೈಯಲ್ಲಿ ನಕ್ಷತ್ರಮೀನಿನ ಬಾಟಲಿ ಇತ್ತು. ಅದೇನೂ ಕೈಜಾರಿ ಬೀಳಲಿಲ್ಲ. ಸಿನಿಮಾದಲ್ಲಿ ಮಾತ್ರ ಹಾಗೆ ಬೀಳುವುದು. ಬಾಟಲಿಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ಬಿಗಿಮಾಡಿ, ಕೈ ಒರೆಸಿಕೊಂಡು, ಆಮೇಲೆ ತಲೆ ಎತ್ತಿದೆ. ಅಷ್ಟು ಹೊತ್ತು ಕಾಯಲಿ ಎಂದೇ ಹಾಗೆ ಮಾಡಿದೆ.

ಅವನ ಹಿಂದೆಯೇ ಪ್ರಿನ್ಸಿಪಾಲ್ ಜಯಣ್ಣ ಸರ್ ಬಂದರು.

"ರಶ್ಮಿತಾ ಮೇಡಂ, ಇವರು ತಿಪ್ಪೇರುದ್ರ ಅಂತ. ಮೊಳಕಾಲ್ಮೂರಲ್ಲಿ ರೇಷ್ಮೆ ಸೀರೆಗೆ ಡಿಸೈನ್ ಬರೀತಾರೆ. ನಮ್ಮ ಎಕ್ಸಿಬಿಷನ್ ಪ್ರಾಣಿಗೆ ಇಂಥ ಕೈ ಬೇಕಿತ್ತು. ವಿಜ್ಞಾನ ನೀವು ನೋಡ್ಕೊಳಿ, ರೂಪ ಇವರು ನೋಡ್ಕೋತಾರೆ."

ಈ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ನಮ್ಮ ವಿಭಾಗದ ಪಾಲಿಗೆ ಬಂದ ವಿಷಯ ಹೀಗಿತ್ತು: ಬೇರೊಂದು ಗ್ರಹದ ಕಡಲಲ್ಲಿ ಬದುಕಬಲ್ಲ ಪ್ರಾಣಿಯೊಂದನ್ನು ಕಲ್ಪಿಸಿ, ಮಾಡಿ ತೋರಿಸಿ. ಚಳ್ಳಕೆರೆಯವರಿಗೆ ಕಡಲಿನ ವಿಷಯ ಕೊಟ್ಟ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ.

ಮೊದಲ ಸಲ ನೋಡುವವಳಂತೆ ಅವನಿಗೂ ನಮಸ್ಕಾರ ಎಂದೆ. ಅವನೂ ಮೊದಲ ಸಲ ನೋಡುವವನಂತೆ ಕೈಮುಗಿದ. ನಟನೆಯಲ್ಲಿ ಇಬ್ಬರೂ ಪಾಸು.

ಸರ್ ಆಚೆ ಹೋದದ್ದೇ ತಡ, ನನಗೆ ತಡೆಯಲಾಗಲಿಲ್ಲ. ನನ್ನ ನೀರಿನ ಬಾಟಲಿಯನ್ನು ಅವನ ಮುಂದೆ ತಳ್ಳಿದೆ. "ಬಿಸಿಲಲ್ಲಿ ಬಂದಿದೀರ. ನೀರು ಕುಡೀತೀರಾ? ಇಲ್ಲ, ನಿಮಗೆ ಆಗಲ್ವಾ?"

ಅವನು ನನ್ನ ಮುಖವನ್ನೊಮ್ಮೆ ನೋಡಿದ. ಬಾಟಲಿ ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ತಣ್ಣಗೈತೆ ಮೇಡಂ" ಎಂದ.

ನನಗೆ ಮೈಯೆಲ್ಲ ಉರಿಯಿತು. ಲ್ಯಾಬಿನ ನೀರು ಆಗುತ್ತದೆ, ನಮ್ಮ ಮನೆಯ ನೀರು ಆಗಲಿಲ್ಲ!

ಆ ದಿನದ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಉರಿ ನಿಮಗೆ ಅರ್ಥವಾಗುವುದಿಲ್ಲ. ನಮ್ಮದು ತಳಕಿನ ಹತ್ತಿರದ ಹಟ್ಟಿ. ನಮ್ಮಪ್ಪ ದೊಡ್ಡಪಾಲಯ್ಯನಿಗೆ ಹೊಲಕ್ಕಿಂತ ಕುರಿಯ ಮೇಲೆ ಪ್ರೀತಿ ಹೆಚ್ಚು. ತಿಪ್ಪೇರುದ್ರನ ಮನೆಯವರು ದೇವಸಮುದ್ರದವರು, ಅವರದೂ ಕುರಿ ಸಾಕುವ ಮನೆತನ. ಸಂಬಂಧ ತಂದವಳು ಗೀತಮ್ಮ, ಎರಡೂ ಕಡೆಗೆ ನೆಂಟಳು. ಹೆಣ್ಣು ನೋಡಲು ಬಂದಾಗ ನಮ್ಮಲ್ಲೊಂದು ಪದ್ಧತಿ ಇದೆ. ಹುಡುಗಿ ತಂದುಕೊಟ್ಟ ನೀರನ್ನು ಹುಡುಗ ಕುಡಿದರೆ ಮಾತು ಮುಂದುವರಿಯುತ್ತದೆ. ಲೋಟ ತುಂಬಿದ್ದು ತುಂಬಿದಂತೆಯೇ ಉಳಿದರೆ ಒಪ್ಪಿಗೆ ಇಲ್ಲ ಎಂದರ್ಥ. ಬಾಯಿಬಿಟ್ಟು ಬೇಡ ಎನ್ನುವ ಮುಜುಗರ ಯಾರಿಗೂ ಬೇಡವೆಂದು ಹಿರಿಯರು ಮಾಡಿಕೊಂಡ ಏರ್ಪಾಡು.

ನಾನು ನೀರು ಕೊಡಲು ಬಗ್ಗಿದಾಗ ಅವನ ಬೆರಳ ತುದಿಯಲ್ಲಿ ಕೆಂಪು ಶಾಯಿಯ ಕಲೆ ಕಂಡಿತು. ಎಷ್ಟು ತೊಳೆದರೂ ಹೋಗದೆ ಉಳಿದ ಕಲೆ. ಯಾಕೋ ಅದು ನನಗೆ ಇಷ್ಟವಾಯಿತು. ಅವನು ನನ್ನನ್ನು ನೋಡಿ ಚೂರು ನಕ್ಕ. ಆಮೇಲೆ ಬಾಗಿಲಾಚೆ ಕುರಿರೊಪ್ಪದ ಕಡೆ ನೋಡಿದ. ನಗು ಮಾಯವಾಯಿತು. ಲೋಟವನ್ನು ಕೆಳಗಿಟ್ಟ, ಅದು ಅಲ್ಲೇ ಉಳಿಯಿತು.

ಅವರ ಗಾಡಿ ಹಟ್ಟಿ ದಾಟಿದ ಮೇಲೆ ಅಪ್ಪ ಆ ನೀರನ್ನು ಅಂಗಳಕ್ಕೆ ಚೆಲ್ಲಿದ. "ಆ ಹುಡುಗ ಇನ್ನ ಈ ಹೊಸಲು ತುಳೀಬಾರ್ದು" ಎಂದ. ನಮ್ಮ ಮಾನ ಉಳಿಯಲೆಂದು ಗೀತಮ್ಮನ ಕೈಲಿ "ನಮಗೂ ಬೇಡ" ಎಂದು ಹೇಳಿ ಕಳಿಸಿದ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ, ಆ ಹುಡುಗ ನನಗೆ ಬೇಕಿತ್ತು ಎಂದು ಹೇಳುತ್ತಿದ್ದೆ. ಆದರೆ ಮುರಿದ ಸಂಬಂಧವನ್ನು ಹೆಣ್ಣಿನ ಕಡೆಯವರು ಮತ್ತೆ ಕೇಳುವಂತಿಲ್ಲ.

ಹೀಗೆ ನನ್ನನ್ನು ಬೇಡ ಎಂದವನ ಜೊತೆ ಕೂತು, ನಾನು ಬೇರೆ ಲೋಕದ ಪ್ರಾಣಿಯೊಂದನ್ನು ಹುಟ್ಟಿಸಬೇಕಾಯಿತು.

ಶನಿವಾರ ಮಧ್ಯಾಹ್ನ ಅವನು ಮೊಳಕಾಲ್ಮೂರಿನಿಂದ ಬಸ್ಸಲ್ಲಿ ಬರುತ್ತಿದ್ದ. ಕೈಯಲ್ಲಿ ಸುರುಳಿ ಸುತ್ತಿದ ಗ್ರಾಫ್ ಹಾಳೆ. ಏನು ಬರೆದರೂ ಪುಟ್ಟ ಪುಟ್ಟ ಚೌಕ ತುಂಬಿಯೇ ಬರೆಯುತ್ತಿದ್ದ, ಸೆರಗಿನ ನವಿಲು ಬರೆದು ಬರೆದು ಕೈಗೆ ಅದೇ ರೂಢಿ.

"ಸಮುದ್ರ ನೋಡಿದೀರಾ?" ಎಂದು ಮೊದಲ ದಿನ ಕೇಳಿದೆ.

"ದೇವಸಮುದ್ರ ನೋಡಿದೀನಿ."

"ಅಲ್ಲಿರೋದು ಜಾಲಿ ಗಿಡ."

"ಹೆಸರಾದ್ರೂ ಐತಲ್ಲ ಮೇಡಂ. ತಳಕಲ್ಲಿ ಅದೂ ಇಲ್ಲ. ನೀವು ನೋಡಿದೀರಾ?"

ನಾನೂ ನೋಡಿರಲಿಲ್ಲ. ಫಾರ್ಮಾಲಿನ್ ಬಾಟಲಿಗಳೇ ನನ್ನ ಸಮುದ್ರ. ನಗು ಬಂದರೂ ನುಂಗಿಕೊಂಡೆ, ಶತ್ರುವಿನ ಮುಂದೆ ಹಲ್ಲು ಬಿಡಬಾರದು.

ಬೋರ್ಡಿನ ಮೇಲೆ ನಮ್ಮ ಗ್ರಹವನ್ನು ಬರೆದು ತೋರಿಸಿದೆ. ಸೂರ್ಯನಿಂದ ಬಲು ದೂರ. ಮೇಲೆಲ್ಲ ಮಂಜುಗಡ್ಡೆಯ ಸೂರು, ಅದರ ಕೆಳಗೆ ಕತ್ತಲ ಕಡಲು. ತಳದ ಬಿರುಕುಗಳಿಂದ ಬರುವ ಕಾವೇ ಅಲ್ಲಿನ ಬಿಸಿಲು. ನೀರಲ್ಲಿ ಉಪ್ಪು ಎಷ್ಟೆಂದರೆ ಕುಡಿದ ಜೀವ ಉಳಿಯುವುದಿಲ್ಲ.

"ಹಂಗಾದ್ರೆ ಕುಡಿಯೋದೇನು?"

"ನೀರು ಗಡ್ಡೆ ಕಟ್ಟುವಾಗ ಉಪ್ಪನ್ನ ಹೊರಗೆ ತಳ್ಳುತ್ತೆ. ಅದಕ್ಕೆ ಮೇಲಿನ ಮಂಜುಗಡ್ಡೆ ಸಿಹಿ. ಅದನ್ನ ಕೆರೆದು, ಕರಗಿಸಿ ಕುಡಿಬೇಕು."

"ಕಡಲಲ್ಲೇ ಇದ್ದು ಬಾಯಾರೋ ಪ್ರಾಣಿ," ಎಂದ ಮೆಲ್ಲಗೆ. "ಪಾಪ."

ಇನ್ನೂ ಹುಟ್ಟದ ಪ್ರಾಣಿಗೆ ಪಾಪ ಎಂದವನನ್ನು ನಾನು ಅವತ್ತೇ ಮೊದಲು ನೋಡಿದ್ದು. ಇಷ್ಟು ಮರುಕ ಇರುವವನು ನನ್ನ ಲೋಟವನ್ನು ಹಾಗೇಕೆ ಬಿಟ್ಟ? ಆ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಅಭಿಮಾನ ಅದನ್ನು ಹಿಂದಕ್ಕೆಳೆಯಿತು.

ಮುಂದಿನ ವಾರ ಅವನು ತಂದ ಚಿತ್ರದಲ್ಲಿ ಪ್ರಾಣಿಗೆ ದೊಡ್ಡ ದೊಡ್ಡ ಕಣ್ಣು, ನವಿಲಿಗೆ ಬರೆದಂತೆ ಕಾಡಿಗೆ ಸಮೇತ. ನಾನು ಕೆಂಪು ಪೆನ್ನಿನಿಂದ ಎರಡನ್ನೂ ಹೊಡೆದುಹಾಕಿದೆ.

"ಅಯ್ಯೋ, ಯಾಕೆ?"

"ಅಲ್ಲಿ ಬೆಳಕೇ ಇಲ್ಲ. ಕಣ್ಣು ದಂಡ."

"ಕಣ್ಣಿಲ್ದೆ ಒಂದನ್ನೊಂದು ಗುರುತು ಹಿಡಿಯೋದು ಹೆಂಗೆ?"

"ಮುಟ್ಟಿ," ಎಂದೆ. ವಿಜ್ಞಾನದ ಮಾತೇ ಅದು. ಆದರೂ ಹೇಳಿದ ಮೇಲೆ ನನ್ನ ಕಿವಿ ಬಿಸಿಯಾಯಿತು. ಅವನು ಹಾಳೆಯಿಂದ ತಲೆ ಎತ್ತಲಿಲ್ಲ, ಪೆನ್ಸಿಲ್ ಮಾತ್ರ ಸ್ವಲ್ಪ ಹೊತ್ತು ಒಂದೇ ಚೌಕದಲ್ಲಿ ನಿಂತಿತ್ತು.

"ಬಣ್ಣ?" ಎಂದ ಆಮೇಲೆ.

"ಅದೂ ದಂಡ. ಕತ್ತಲಲ್ಲಿ ಯಾರಿಗೆ ಕಾಣಬೇಕು?"

"ಬಣ್ಣ ಇಲ್ಲದ ಲೋಕಕ್ಕೆ ನನ್ನ ಕರೆಸಿದಿರಲ್ಲ ಮೇಡಂ. ಇದು ನ್ಯಾಯಾನಾ?"

ಈ ಸಲ ನಗು ನುಂಗಲಾಗಲಿಲ್ಲ. ಅವನು ನನ್ನ ನಗುವನ್ನು ನೋಡಿದ, ನೋಡಿದ್ದು ಗೊತ್ತಾಗಬಾರದೆಂದು ನಕ್ಷತ್ರಮೀನಿನ ಬಾಟಲಿಯನ್ನು ನೋಡಿದ.

ಹೀಗೆ ಕಿತ್ತಾಡುತ್ತ ಪ್ರಾಣಿಗೆ ಮೈ ಬಂತು. ಚಪ್ಪಟೆ ದೇಹ, ಅಂಚಿನ ತುಂಬ ಕುಚ್ಚು, ಮಂಜಿನ ಸೂರಿಗೆ ತಲೆಕೆಳಗಾಗಿ ಅಂಟಿಕೊಳ್ಳುವ ಕೊಕ್ಕೆಗಳು. ಚಳಿ ಹೆಚ್ಚಾದಾಗ ಈ ಪ್ರಾಣಿಗಳು ಏನು ಮಾಡಬೇಕು ಎಂಬಲ್ಲಿ ಇಬ್ಬರಿಗೂ ಒಂದೇ ಸಲ ಒಂದೇ ಉತ್ತರ ಹೊಳೆಯಿತು. ಮಟಮಟ ಮಧ್ಯಾಹ್ನ ಬಯಲಲ್ಲಿ ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿ ಗುಂಪಾಗಿ ನಿಲ್ಲುತ್ತವಲ್ಲ, ಹಾಗೆ. ಅಲ್ಲಿ ಬಿಸಿಲಿಗೆ, ಇಲ್ಲಿ ಚಳಿಗೆ. "ಕುರಿ!" ಎಂದು ಇಬ್ಬರೂ ಒಟ್ಟಿಗೆ ಕೂಗಿದ್ದಕ್ಕೆ ಪಕ್ಕದ ಕೆಮಿಸ್ಟ್ರಿ ಲ್ಯಾಬಿನವರು ಇಣುಕಿ ನೋಡಿದರು.

ಚರ್ಮಕ್ಕೆ ಕಂಬಳಿ ಎಂದವನು ಅವನು. ಅಪ್ಪನ ಹಳೇ ಕರಿ ಕಂಬಳಿ ಕೇಳಿದೆ. "ಯಾರಿಗವ್ವ?" ಎಂದ ಅಪ್ಪ. "ಕಾಲೇಜಿಗೆ" ಎಂದೆ. ಸುಳ್ಳಂತೂ ಅಲ್ಲ. ಕಂಬಳಿಗೆ ಬಿಗಿ ಬರಲೆಂದು ಹುಣಸೆಬೀಜದ ಗಂಜಿ ಬಳಿಯುವುದು ನಮ್ಮ ಕಡೆಯ ವಾಡಿಕೆ. ಗಂಜಿ ಹಾಕಿದ ಕಂಬಳಿಗೆ ಮಳೆ ಇಳಿಯುವುದಿಲ್ಲ. ಲ್ಯಾಬಿನ ಬೀಕರಿನಲ್ಲಿ ಗಂಜಿ ಕಾಯಿಸಿ ಇಬ್ಬರೂ ಬಳಿದೆವು. ಕೈಗಳು ಅಂಟಂಟಾದವು. ಒಂದು ಸಲ ಅವನ ಅಂಟು ಬೆರಳು ನನ್ನ ಅಂಟು ಬೆರಳಿಗೆ ತಾಗಿ ಹಿಡಿದುಕೊಂಡಿತು. ಬಿಡಿಸಿಕೊಳ್ಳುವ ಅವಸರ ಇಬ್ಬರಿಗೂ ಅಷ್ಟಾಗಿ ಇರಲಿಲ್ಲ.

"ಹೆಸರು ಕಂಬಳಿಮೀನು," ಎಂದ.

"ಅದು ಮೀನಲ್ಲ. ಬೆನ್ನುಮೂಳೆ ಎಲ್ಲೈತೆ?"

"ನಕ್ಷತ್ರಮೀನಿಗೆ ಐತಾ?"

ಇರಲಿಲ್ಲ. ಒಪ್ಪಿಕೊಂಡೆ.

"ಇದನ್ನ ಸೀರೆ ಅಂಚಿಗೆ ಹಾಕಿದ್ರೆ ಹೆಂಗಿರ್ತದೆ ಅಂತ ಯೋಚಿಸ್ತಿದೀನಿ," ಎಂದ ಗ್ರಾಫ್ ಹಾಳೆಯನ್ನು ದೂರ ಹಿಡಿದು ನೋಡುತ್ತ. "ಯಾರೂ ಉಡಲ್ಲ ಬಿಡ್ರಿ."

"ನಾನು ಉಡ್ತೀನಿ."

ಆ ಮಾತು ನನ್ನ ಬಾಯಿಂದ ಹೇಗೆ ಜಾರಿತೋ! ತಕ್ಷಣ ಎದ್ದು ಹೋಗಿ, ತೊಳೆದಿಟ್ಟಿದ್ದ ಬೀಕರನ್ನೇ ಮತ್ತೆ ತೊಳೆದೆ.

ಪ್ರದರ್ಶನಕ್ಕೆ ಮುಂಚಿನ ಶನಿವಾರ. ಪ್ರಾಣಿ ಒಣಗುತ್ತಿತ್ತು. ಅದರ ಬದುಕಿನ ರೀತಿಯನ್ನು ಫಲಕದ ಮೇಲೆ ಬರೆಯುವುದೊಂದೇ ಬಾಕಿ. ಪ್ರದರ್ಶನ ಮುಗಿದರೆ ಅವನು ಚಳ್ಳಕೆರೆಗೆ ಬರಲು ಕಾರಣವೇ ಇರುವುದಿಲ್ಲ ಎಂದು ಬೆಳಗ್ಗೆಯಿಂದ ನನ್ನ ಮನಸ್ಸು ಭಾರವಾಗಿತ್ತು.

"ಗುಂಪಲ್ಲಿ ನೀರು ಹೆಂಗೆ ಹಂಚ್ಕೋತಾವೆ? ಹೇಳಿ, ಬರ್ಕೋತೀನಿ."

"ಮಂಜು ಕೆರೆಯೋದು ದೊಡ್ಡವು," ಎಂದ ಯೋಚಿಸುತ್ತ. "ಆದ್ರೆ ಮೊದ್ಲು ಮರಿ ಕುಡೀಬೇಕು, ಆಮೇಲೆ ಸೊರಗಿದವು. ಅವೆಲ್ಲ ಕುಡಿಯೋತನಕ ಕೆರೆದ ದೊಡ್ಡವು ಬಾಯಿ ಹಚ್ಚಲ್ಲ."

"ಚೆನ್ನಾಗೈತೆ. ಎಲ್ಲಿಂದ ಬಂತು ಇದು?"

"ನಮ್ಮ ತಾತ ಕ್ಯಾತಣ್ಣಂದು. ಕುರಿ ಕುಡಿಯೋಕೆ ಮುಂಚೆ ಕಾಯೋನು ಕುಡಿದ್ರೆ ಆ ನೀರು ಮೈಗೆ ಹತ್ತಲ್ಲ ಅಂತಾನೆ. ಚಿಕ್ಕೋನಿದ್ದಾಗ ಒಂದ್ಸಲ ಕದ್ದು ಕುಡಿದಿದ್ದೆ. ಬೈಲಿಲ್ಲ, ಹೊಡೀಲಿಲ್ಲ. ಅವತ್ತೆಲ್ಲ ತಾನೇ ನೀರು ಮುಟ್ಲಿಲ್ಲ. ಅಲ್ಲಿಂದ ನಾನು ಬಾಯಾರಿದ ಕುರಿ ಮುಂದೆ ನೀರು ಮುಟ್ಟಲ್ಲ."

"ನಿಮ್ಮ ಕುರಿ ಮುಂದೆ ಮಾತ್ರಾನಾ?"

"ಯಾರ ಕುರಿ ಆದ್ರೇನು ಮೇಡಂ? ಕಣ್ಣಿಗೆ ಬಿದ್ರೆ ಗಂಟ್ಲಲ್ಲಿ ಇಳಿಯಲ್ಲ."

ನನ್ನ ಪೆನ್ನು ನಿಂತಿತು.

ಅವರು ಬಂದಿದ್ದ ದಿನ ನಮ್ಮ ಹಟ್ಟಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಬೋರಿನ ಮೋಟಾರು ಓಡಿರಲಿಲ್ಲ. ಕುಡಿಯುವ ನೀರನ್ನು ಅವ್ವ ಎಲ್ಲಿಂದಲೋ ಹೊತ್ತು ತಂದಿದ್ದಳು. ರೊಪ್ಪದಲ್ಲಿ ಕುರಿಗಳು ಒಣಗಿದ ಕಲ್ಲುಬಾನಿಗೆ ಮೂತಿ ಇಟ್ಟು ಅರಚುತ್ತಿದ್ದವು. ನಾವು ನೆಂಟರ ಗಡಿಬಿಡಿಯಲ್ಲಿದ್ದೆವು. ಬಾಗಿಲಿಗೆ ಎದುರಾಗಿ ಕೂತವನು ಅವನೊಬ್ಬನೇ.

"ಆವತ್ತು," ಎಂದೆ. "ನಮ್ಮನೇಲಿ. ಅದಕ್ಕಾ ಲೋಟ ಬಿಟ್ಟಿದ್ದು? ನಮ್ಮಲ್ಲಿ ಅದು ಹುಡುಗಿ ಬೇಡ ಅಂದಂಗೆ."

ಅವನು ಕೈಲಿದ್ದ ಪೆನ್ಸಿಲ್ ಕೆಳಗಿಟ್ಟ.

"ಅದಕ್ಕೇ," ಎಂದ. "ನಮ್ಮ ಕಡೆ ಲೋಟದ ಶಾಸ್ತ್ರ ಇಲ್ಲ. ಅದು ಬೇಡ ಅಂದಂಗೆ ಅಂತ ನನಗೆ ಗೊತ್ತಿರ್ಲಿಲ್ಲ. ಈಗ ನೀವು ಹೇಳಿದ ಮೇಲೆ ಗೊತ್ತಾಗ್ತಿದೆ."

"ಬಾಯಿಬಿಟ್ಟು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಹೆಣ್ಣು ಕೇಳೋಕೆ ಬಂದು, ನಿಮ್ಮ ಕುರಿ ನೀರಿಲ್ದೆ ಸಾಯ್ತಾವೆ ಅನ್ಲಾ, ನಿಮ್ಮಪ್ಪನ ಮುಂದೆ? ಊರಿಗೆ ಹೋದ ಮೇಲೆ ನೀವೇ ಬೇಡ ಅಂದ್ರಿ ಅಂತ ಗೀತಮ್ಮ ಫೋನ್ ಮಾಡಿದ್ರು. ಓದಿದ ಹುಡುಗಿ, ಸೀರೆಗೆ ಗೆರೆ ಎಳೆಯೋನು ಯಾಕೆ ಬೇಕು ಅಂತ ನಾನೇ ಸಮಾಧಾನ ಮಾಡ್ಕಂಡೆ." ಒಂದು ಉಸಿರು ಬಿಟ್ಟು ಮುಂದುವರಿಸಿದ. "ಸಮಾಧಾನ ಆಗ್ಲಿಲ್ಲ. ಪ್ರಾಣಿಶಾಸ್ತ್ರದ ರಶ್ಮಿತಾ ಮೇಡಂ ಅಂತ ನಿಮ್ಮ ಸರ್ ಅಂದಾಗ, ಯಾಕೆ ಬೇಡ ಅಂದ್ರಿ ಅಂತ ಒಂದ್ಸಲ ಕೇಳೋಣ ಅಂತಾನೇ ಬಂದೆ. ನೀವು ಬಾಟ್ಲಿ ತಳ್ಳಿದ್ರಲ್ಲ, ಧೈರ್ಯ ಹೋಯ್ತು."

"ನಾನು ಬೇಡ ಅಂದಿಲ್ಲ," ಎಂದೆ. "ಯಾವತ್ತೂ ಅಂದಿಲ್ಲ."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಕೆಂಪು ಕಲೆ ಇನ್ನೂ ಇತ್ತು. ನನಗೆ ಅಳು ಬಂತು. ಒಂದು ವರ್ಷ ನಾವಿಬ್ಬರೂ ಅಕ್ಕಪಕ್ಕದ ತಾಲೂಕಿನಲ್ಲಿ ಕೂತು, ಬೇಡವಾದವರು ನಾವೇ ಎಂದು ನಂಬಿಕೊಂಡು ಕೊರಗಿದ್ದೆವು.

"ನಿಮ್ಮಪ್ಪಂಗೆ ನಾನೇ ಬಂದು ಹೇಳ್ತೀನಿ," ಎಂದ.

"ಬೇಡ. ಅಪ್ಪನ್ನ ಏನಂದ್ರೂ ತಡ್ಕೋತಾನೆ, ಅವನ ಕುರಿ ಬಗ್ಗೆ ಅಂದ್ರೆ ತಡ್ಕೊಳಲ್ಲ. ಪ್ರದರ್ಶನಕ್ಕೆ ಕರ್ಕಂಡು ಬರ್ತೀನಿ. ತನ್ನ ಕಂಬಳಿ ಏನಾಯ್ತು ಅಂತ ನೋಡ್ಲಿ. ಉಳಿದದ್ದು ನಮ್ಮ ಮೀನು ಹೇಳ್ಲಿ."

"ನಮ್ಮ ಮೀನು," ಎಂದು ಅವನು ಇನ್ನೊಮ್ಮೆ ಹೇಳಿ ನೋಡಿದ.

ಪ್ರದರ್ಶನದ ದಿನ ನಾವೊಂದು ಎಡವಟ್ಟು ಮಾಡಿದೆವು. ಗಂಜಿ ಹಾಕಿದ ಕಂಬಳಿಗೆ ನೀರು ಇಳಿಯುವುದಿಲ್ಲ ಎಂಬ ಧೈರ್ಯದ ಮೇಲೆ ಪ್ರಾಣಿಯನ್ನು ಗಾಜಿನ ತೊಟ್ಟಿಯ ನೀರಿಗೇ ಇಳಿಸಿದೆವು. ತೀರ್ಪುಗಾರರು ಬರುವ ಹೊತ್ತಿಗೆ ಗಂಜಿ ಕರಗಿ ತೊಟ್ಟಿಯೆಲ್ಲ ಬೆಳ್ಳಗಾಗಿತ್ತು. ಕಂಬಳಿಮೀನು ಒದ್ದೆ ಕಂಬಳಿಯಾಗಿ ಜೋತುಬಿದ್ದಿತ್ತು. ಬಹುಮಾನ ಬೇರೆ ಕಾಲೇಜಿನ ಪ್ಲಾಸ್ಟಿಕ್ ಏಡಿಗೆ ಹೋಯಿತು.

ಅಪ್ಪ ಬಂದದ್ದು ಆ ಹೊತ್ತಿಗೆ. ಹೆಗಲ ಟವೆಲ್ ಸರಿಮಾಡಿಕೊಂಡು ತೊಟ್ಟಿಯೊಳಗೆ ಬಗ್ಗಿ ನೋಡಿ, ತನ್ನ ಕಂಬಳಿಯ ಅಂಚು ಗುರುತು ಹಿಡಿದು ನಕ್ಕ. "ಕಂಬಳಿ ಇರೋದು ಮಳೇಲಿ ಹೊದಿಯೋಕೆ ಕಣವ್ವ, ಮುಳುಗ್ಸೋಕಲ್ಲ."

ಆಮೇಲೆ ತೊಟ್ಟಿಯ ಆ ಕಡೆ ನಿಂತಿದ್ದ ತಿಪ್ಪೇರುದ್ರನನ್ನು ಕಂಡ. ನಗು ಆರಿತು. ಹೊರಡಲು ತಿರುಗಿದ.

"ಇದಕ್ಕೊಂದು ನೇಮ ಐತಪ್ಪ," ಎಂದೆ ಗಟ್ಟಿಯಾಗಿ. ಸುತ್ತಲಿದ್ದ ವಿದ್ಯಾರ್ಥಿನಿಯರೂ ತಿರುಗಿದರು. "ಕುಡಿಯೋ ನೀರು ಕಷ್ಟದ್ದು. ಅದಕ್ಕೆ ಮೊದ್ಲು ಮರಿ ಕುಡಿಬೇಕು, ಆಮೇಲೆ ಸೊರಗಿದವು. ಬಾಯಾರಿದವು ಎದುರಿಗೆ ಇರೋತನಕ ದೊಡ್ಡದು ಬಾಯಿ ಹಚ್ಚಲ್ಲ. ಎಷ್ಟು ದಾಹ ಆಗಿದ್ರೂ, ಯಾರು ತಂದ್ಕೊಟ್ರೂ."

ಅಪ್ಪ ನಿಂತ. "ಪುಸ್ತಕದಾಗೆ ಐತಾ ಇದು?"

"ಇಲ್ಲ. ದೇವಸಮುದ್ರದ ಕ್ಯಾತಣ್ಣನೋರ ಮನೇಲಿ ಐತೆ. ಅವರ ಮೊಮ್ಮಗನೂ ಪಾಲಿಸ್ತಾರೆ. ಯಾರ ರೊಪ್ಪದ ಮುಂದೆ ಕೂತಿದ್ರೂ."

ಅಪ್ಪನ ಕಣ್ಣು ತೊಟ್ಟಿಯ ಮೇಲೇ ಇತ್ತು. ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಆವತ್ತು ಕರೆಂಟ್ ಇರ್ಲಿಲ್ಲ," ಎಂದ, ಯಾರಿಗೆಂದಲ್ಲದೆ. ತಿಪ್ಪೇರುದ್ರನ ಮುಖವನ್ನು ಒಂದು ಸಲ ನೋಡಿ, ಏನೂ ಹೇಳದೆ ಹೊರಟುಹೋದ. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ತಿಪ್ಪೇರುದ್ರ ಒದ್ದೆ ಕಂಬಳಿಯನ್ನು ಹಿಂಡಿ, ಮಡಚಿ ನನ್ನ ಕೈಗಿಟ್ಟ. "ಒಣಗಿಸಿ ಕೊಡ್ರಿ ಅವರಿಗೆ. ಒಳ್ಳೇ ಕಂಬಳಿ," ಎಂದ. ಬಸ್ಸಿಗೆ ಹೋಗುವಾಗ ತಿರುಗಿ ನೋಡಿದ.

ಮನೆಯಲ್ಲಿ ಅಪ್ಪ ಮಾತು ಬಿಟ್ಟ. ಕಲ್ಲುಬಾನಿಯ ಪಾಚಿ ತಿಕ್ಕಿ ತೊಳೆದ. ರೊಪ್ಪದ ಪಕ್ಕ ದೊಡ್ಡದೊಂದು ಡ್ರಮ್ ತಂದು ತುಂಬಿಸಿಟ್ಟ, ಕರೆಂಟ್ ಹೋದರೆ ಇರಲೆಂದು. ಆಮೇಲೊಂದು ಬೆಳಗ್ಗೆ ನನ್ನ ಕೈಗೆ ತನ್ನ ಫೋನ್ ಕೊಟ್ಟು, "ದೇವಸಮುದ್ರಕ್ಕೆ ಹಚ್ಚಿಕೊಡು" ಎಂದ. ನಾನು ಹಚ್ಚಿಕೊಟ್ಟು ಅಲ್ಲೇ ನಿಂತೆ.

"ಕ್ಯಾತಣ್ಣ, ನಾನು ತಳಕಿನ ದೊಡ್ಡಪಾಲಯ್ಯ. ನಮ್ಮ ಟಗರು ನೋಡೋಕೆ ಬರ್ರಿ. ಹೂಂ, ಟಗರೇ. ಮೊಮ್ಮಗನ್ನೂ ಕರ್ಕಂಡು ಬರ್ರಿ, ಅವನಿಗೆ ಕುರಿ ಗೊತ್ತೈತೆ."

ಮುರಿದ ಸಂಬಂಧವನ್ನು ಹೆಣ್ಣಿನ ಕಡೆಯವರು ಕೇಳುವಂತಿಲ್ಲ, ನಿಜ. ಟಗರು ತೋರಿಸಬಾರದೆಂದು ಯಾವ ಹಿರಿಯರೂ ಹೇಳಿಲ್ಲ.

ಅವರು ಬರುವ ದಿನ ಅವ್ವ ಬೋರಕ್ಕ ಬೆಳಗ್ಗೆಯೇ ಹೋಳಿಗೆಗೆ ಬೇಳೆ ಇಟ್ಟಳು. "ಟಗರು ನೋಡೋರಿಗೆ ಹೋಳಿಗೆ ಯಾಕವ್ವ?" ಎಂದೆ. "ಟಗರಿಗೆ ಕಣೇ," ಎಂದು ಬೆನ್ನಿಗೊಂದು ಗುದ್ದಿದಳು.

ಕ್ಯಾತಣ್ಣ ತಾತ ಕೋಲೂರಿಕೊಂಡು ಬಂದ. ಹಿಂದೆ ತಿಪ್ಪೇರುದ್ರ. ಹೊಸಲಿನ ಹತ್ತಿರ ಬಂದು ನಿಂತುಬಿಟ್ಟ. ಒಳಗೆ ಬಾ ಎಂದು ಅಪ್ಪ ಕರೆಯಲಿಲ್ಲ. ಬದಲಿಗೆ ರೊಪ್ಪದ ಗೇಟು ತೆಗೆದ. ಬಾನಿ ತುಂಬಿ ತುಳುಕುತ್ತಿತ್ತು. ಕುರಿಗಳು ನುಗ್ಗಿದವು. ಎಲ್ಲರೂ ಬಿಸಿಲಲ್ಲೇ ನಿಂತು ನೋಡಿದೆವು. ಹಿಂದೆ ಉಳಿದ ಕುಂಟು ಮರಿಯೊಂದನ್ನು ತಿಪ್ಪೇರುದ್ರ ಎತ್ತಿ ತಂದು ಬಾನಿಯ ಅಂಚಿಗೆ ಹಿಡಿದ. ಅದು ಕುಡಿದು ತಲೆ ಎತ್ತಿ, ಅವನ ಅಂಗಿಗೆ ಮೂತಿ ಒರೆಸಿತು.

"ಈಗ ಒಳಗೆ ಬಾರಪ್ಪ," ಎಂದ ಅಪ್ಪ. ಅವನ ದನಿ ಒದ್ದೆಯಾಗಿತ್ತು. "ರಶ್ಮಿ, ನೀರು ತಾ."

ಅದೇ ಲೋಟ ತಂದೆ. ತಿಪ್ಪೇರುದ್ರ ಎರಡೂ ಕೈಯಲ್ಲಿ ತೆಗೆದುಕೊಂಡ. ತೆಗೆದುಕೊಂಡು ಸುಮ್ಮನೆ ಕೂತ. ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡಳು. ಮತ್ತೆ ಏನಾಯಿತು ಇವನಿಗೆ?

"ನೀವು ಕುಡಿದ್ರಾ?" ಎಂದ ನನ್ನನ್ನು ನೋಡಿ.

ಬೆಳಗ್ಗೆಯಿಂದ ಹೆದರಿಕೆಗೆ ಒಂದು ಗುಟುಕೂ ಇಳಿದಿರಲಿಲ್ಲ. ನನ್ನ ಒಣಗಿದ ತುಟಿಯನ್ನು ಅವನು ನೋಡಿದ್ದ. ಇಲ್ಲ ಎಂದು ತಲೆಯಾಡಿಸಿದೆ.

ಲೋಟವನ್ನು ನನ್ನ ಕಡೆ ಚಾಚಿದ. ಹಿರಿಯರೆಲ್ಲರ ಎದುರಿಗೆ, ಹಾಡಹಗಲಲ್ಲಿ! ನನಗೆ ನಾಚಿಕೆಯಾಯಿತು, ಅಳು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನಿಜವಾಗಿಯೂ ದಾಹವಾಗಿತ್ತು. ತೆಗೆದುಕೊಂಡು ಅರ್ಧ ಕುಡಿದೆ. ಉಳಿದ ಅರ್ಧವನ್ನು ಅವನು ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ಅಪ್ಪನ ಮುಂದೆ ಬೋರಲಿಟ್ಟ.

ಅಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

"ಎಲ್ರೂ ಕುಡಿದ್ರಲ್ಲ?" ಎಂದ ಕ್ಯಾತಣ್ಣ ತಾತ ಕೋಲನ್ನು ಪಕ್ಕಕ್ಕಿಟ್ಟು. "ಇನ್ನ ನನಗೂ ಒಂದು ಲೋಟ ಕೊಡ್ರವ್ವ. ಹೊತ್ತಾರೆಯಿಂದ ಗಂಟ್ಲು ಒಣಗೈತೆ."